ಭೂಪಾಲಿಯಲ್ಲಿ ಇಲ್ಲದ ಎರಡು ಅಕ್ಷರ

೨೪ ಅಕ್ಟೋಬರ್ ೧೯೩೩, ಸೊಲ್ಲಾಪುರ

ಡಾಕ್ಟರು ಹಣೆಗೊಂದು ಕನ್ನಡಿ ಕಟ್ಟಿಕೊಂಡು, ಉದ್ದ ಹಿಡಿಕೆಯ ಇನ್ನೊಂದು ಪುಟ್ಟ ಕನ್ನಡಿಯನ್ನು ದೀಪದ ಮೇಲೆ ಬೆಚ್ಚಗೆ ಮಾಡಿ ನನ್ನ ಗಂಟಲೊಳಗೆ ಇಳಿಸಿದರು. ನೋಡಿ ಮುಗಿಸಿ, ಕೈ ತೊಳೆದುಕೊಂಡು, ದನಿಯ ತಂತುವಿನ ಮೇಲೆ ಸಜ್ಜೆಕಾಳಿನಷ್ಟು ಗಂಟು ಎದ್ದಿದೆ ಎಂದರು. ಹಾಡುವಂತಿಲ್ಲ. ಮಾತಾಡುವಂತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ. ಎಷ್ಟು ದಿನ ಎಂದು ಕೈಸನ್ನೆ ಮಾಡಿ ಕೇಳಿದೆ. ‘ಅದನ್ನ ಗಂಟೇ ಹೇಳಬೇಕ್ರಿ’ ಎಂದರು.

ನಾನು ಹೆದರಿಲ್ಲ. ಪಾಡ್ಯದ ಸಂಜೆ ಕಾರ್ಯಕ್ರಮದಲ್ಲಿ ಮೇಲಿನ ಸಾ ಹಿಡಿದಾಗ ದನಿ ಹರಿದುಹೋದದ್ದು ನಿಜ. ಎದುರಿಗೆ ಕೂತವರು ತಲೆ ತಗ್ಗಿಸಿದ್ದೂ ನಿಜ. ಆದರೆ ನನ್ನ ದನಿ ಗುರುಗಳಾದ ಬುವಾ ಅವರ ಕೈಯಲ್ಲಿ ಎಂಟು ವರ್ಷ ಪಳಗಿದ್ದು. ದೀಪಾವಳಿಗೆ ಹೋದದ್ದು ಸಂಕ್ರಾಂತಿಯೊಳಗೆ ತಿರುಗಿ ಬರುತ್ತದೆ. ಅಷ್ಟರವರೆಗೆ ವಿಜಾಪುರ ರಸ್ತೆಯ ನಮ್ಮ ಕನ್ಯಾ ಗಾಯನ ಶಾಲೆಯನ್ನು ಬರೆಯುವ ಪಾಟಿ ಮತ್ತು ಹಾರ್ಮೋನಿಯಂ ಬಾಜಾಪೆಟ್ಟಿಗೆಯಿಂದಲೇ ನಡೆಸುತ್ತೇನೆ. ಮಾರ್ಚಿನಲ್ಲಿ ಪುಣೆಯಿಂದ ಪರೀಕ್ಷಕರು ಬರುತ್ತಾರೆ. ಹುಡುಗಿಯರನ್ನು ನಡುನೀರಿನಲ್ಲಿ ಬಿಡುವವಳು ನಾನಲ್ಲ.

ಮಾತಾಡದವಳಿಗೆ ಬೇರೆ ಏನಾದರೂ ಚಟ ಬೇಕಲ್ಲ, ಅದಕ್ಕೆ ಈ ವಹಿ. ಕನ್ನಡದಲ್ಲಿಯೇ ಬರೆಯುತ್ತೇನೆ. ಸುತ್ತಲಿನವರೆಲ್ಲ ಮರಾಠಿ ಸಾಲಿ ಕಲಿತವರು. ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಈ ಅಕ್ಷರ ಅವರಿಗೆ ಬಾರದು. ನಾಗಣ್ಣನಿಗೆ ಬರುತ್ತದೆ. ಆದರೆ ಇನ್ನೊಬ್ಬರ ವಹಿ ತೆರೆಯುವ ಸ್ವಭಾವ ಅವರದಲ್ಲ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಬರೆಯಬಾರದೆಂದು ಯಾರೂ ಹೇಳಿಲ್ಲ.

೨೮ ಅಕ್ಟೋಬರ್

ನಾಗಣ್ಣ ನನ್ನನ್ನು ಒಂದು ಮಾತೂ ಕೇಳದೆ ನನ್ನ ತೌರು ಹನ್ನೂರಿಗೆ ಹೇಳಿಕಳಿಸಿದ್ದಾರೆ. ಇಂದು ಅವ್ವ ಒಂದು ಚೀಲ ಜೋಳ, ಒಂದು ಗಡಿಗೆ ತುಪ್ಪದೊಡನೆ ಅಕ್ಕಲಕೋಟ ರೋಡ್ ಸ್ಟೇಶನ್ನಿನಿಂದ ರೈಲು ಹತ್ತಿ ಬಂದಿಳಿದಳು. ಹೊಲ ಅಣ್ಣ ನೋಡಿಕೊಳ್ಳುತ್ತಾನಂತೆ. ನನಗೆ ಅಡಿಗೆ ಮಾಡಿಹಾಕಿ, ಬಾಯಿ ಮುಚ್ಚಿಸಿ ಕೂರಿಸುವುದು ತನ್ನ ಕೆಲಸವಂತೆ.

ಅವ್ವನಿಗೆ ಓದು ಬಾರದು. ನನಗೆ ಮಾತು ಕೂಡದು. ಹೀಗಾಗಿ ನಮ್ಮಿಬ್ಬರ ಜಗಳ ನಾಗಣ್ಣ ಗಿರಣಿಯ ಕಚೇರಿಯಿಂದ ಬರುವವರೆಗೆ ಕಾಯಬೇಕು. ಅವರು ಬಂದು ಕೋಟು ಕಳಚುವ ಮೊದಲೇ ಪಾಟಿ ಮುಂದೆ ಹಿಡಿದೆ. ‘ಹಾಡುವುದು ಮರ್ಯಾದೆಯ ಕೆಲಸವಲ್ಲ ಎಂದು ಹನ್ನೆರಡು ವರ್ಷ ನನ್ನ ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ, ಈಗ ದನಿ ಹೋದ ಮೇಲೆ ಬಂದಳು’ ಎಂದು ಬರೆದಿದ್ದೆ.

ನಾಗಣ್ಣ ಓದಿ, ಕೆಮ್ಮಿ, ‘ನೀವು ಬಂದದ್ದು ಭಾಳ ಛಲೋ ಆತು ಅಂತಾಳ್ರಿ ಅತ್ತಿಯವರ’ ಎಂದರು.

ಅವ್ವ ನನ್ನ ಮುಖ ನೋಡಿದಳು. ‘ಅಷ್ಟುದ್ದ ಬರದಾಳ, ನೀವು ಇಷ್ಟ ಹೇಳಿದ್ರಿ.’

‘ಕನ್ನಡ ಅಂದ್ರ ಹಂಗ್ರಿ, ಬರಿಯಾಕ ಉದ್ದ.’

ಅವ್ವ ನಕ್ಕಳು. ನಾನು ನಗಲಿಲ್ಲ.

ಅಪ್ಪ ನನ್ನನ್ನು ಅಕ್ಕಲಕೋಟೆಯಲ್ಲಿದ್ದ ಬುವಾ ಅವರ ಹತ್ತಿರ ಕರೆದೊಯ್ದ ದಿನ ಇವಳು ಊಟ ಬಿಟ್ಟಿದ್ದಳು. ಹತ್ತು ಮಂದಿಯ ಮುಂದೆ ಬಾಯಿ ತೆರೆದು ಹಾಡುವುದು ಒಕ್ಕಲುತನದ ಮನೆಯ ಹೆಣ್ಣಿನ ಕೆಲಸವಲ್ಲ ಎಂದು ಅವಳ ಮಾತು. ಅಪ್ಪ ತೀರಿ ನಾಲ್ಕು ವರ್ಷವಾಯಿತು, ಮಾತು ಹಾಗೇ ಇದೆ.

೬ ನವೆಂಬರ್

ಶಾಲೆ ನಡೆಯುತ್ತಿದೆ. ನಾನು ಪಾಟಿಯ ಮೇಲೆ ಸ್ವರ ಬರೆಯುತ್ತೇನೆ, ಪೆಟ್ಟಿಗೆಯಲ್ಲಿ ನುಡಿಸುತ್ತೇನೆ, ಹುಡುಗಿಯರು ಹಾಡುತ್ತಾರೆ. ಸಾಲು ತಪ್ಪಿದರೆ ಬೆತ್ತದಿಂದ ಅಕ್ಷರ ತೋರಿಸುತ್ತೇನೆ. ಎಲ್ಲರಿಗಿಂತ ಚುರುಕು ಮುಕ್ತಾ ಎಂಬ ಹದಿಮೂರರ ಹುಡುಗಿ. ಒಮ್ಮೆ ಕೇಳಿದ್ದನ್ನು ತಪ್ಪಿಲ್ಲದೆ ಸ್ವರದಲ್ಲಿ ಬರೆಯುತ್ತಾಳೆ. ಸಂಗೀತ ವಿದ್ಯೆಯಾಗುವುದು ಹೀಗೆಯೇ. ಕಿವಿಯಿಂದ ಕಿವಿಗೆ ಬಂದದ್ದು ಗಿಣಿಪಾಠ. ಅಕ್ಷರಕ್ಕೆ ಬಂದದ್ದು ವಿದ್ಯೆ. ಇದನ್ನು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ.

ಒಂದು ತೊಡಕಿದೆ. ನಾನು ಪೆಟ್ಟಿಗೆ ನಿಲ್ಲಿಸಿದರೆ ಹುಡುಗಿಯರೂ ನಿಲ್ಲುತ್ತಾರೆ. ಬರಿಯ ತಂಬೂರಿಗೆ ಹಾಡಿರೆಂದರೆ ದನಿ ಜಾರಿ ಜಾರಿ ಕೆಳಗಿಳಿಯುತ್ತದೆ. ಮುಂಚೆ ನಾನು ಹಾಡಿ ತೋರಿಸುತ್ತಿದ್ದೆ, ಅವರು ನನ್ನ ದನಿ ಹಿಡಿದು ಮೇಲೆ ಬರುತ್ತಿದ್ದರು.

ಶಾಲೆಯ ಮಂಡಳಿಯ ಅಧ್ಯಕ್ಷರಾದ ವಕೀಲ ಸಾಹೇಬರು ಬಂದಿದ್ದರು. ಬಾಗಿಲಲ್ಲಿ ನಿಂತು ಕೇಳಿ, ‘ನೀಲಾಬಾಯಿಯವರ, ನೀವು ವಿಶ್ರಾಂತಿ ತಗೋರಿ. ನಾಟಕ ಕಂಪನಿಯ ಒಬ್ಬ ಪೇಟಿ ಮಾಸ್ತರ ಖಾಲಿ ಅದಾನ’ ಎಂದರು. ‘ಪರೀಕ್ಷೆಯ ನಂತರ ಮಾತಾಡೋಣ’ ಎಂದು ಮರಾಠಿಯಲ್ಲಿ ಬರೆದು ತೋರಿಸಿ, ನಮಸ್ಕಾರ ಮಾಡಿ, ಅವರು ಹೋಗುವವರೆಗೆ ಎದ್ದು ನಿಂತಿದ್ದೆ.

೧೫ ನವೆಂಬರ್

ಅವ್ವ ದಿನವೂ ಮಧ್ಯಾಹ್ನ ನನ್ನ ಊಟ ಹಿಡಿದು ಶಾಲೆಗೆ ಬರುತ್ತಾಳೆ. ಇಂದು ಬುತ್ತಿ ಇಟ್ಟು ಹೋಗದೆ ಗೋಡೆಗೆ ಒರಗಿ ಕೂತಳು. ಹುಡುಗಿಯರು ಭೂಪಾಲಿ ರಾಗದ ಹಾಡನ್ನು, ನಾವು ಚೀಜು ಎನ್ನುವುದನ್ನು, ಹಾಡುತ್ತಿದ್ದರು.

‘ಇವು ಪೆಟಗಿ ಬೆನ್ನ ಹಿಂದ ಹೊಂಟಾವಲ್ಲ, ಕುರಿ ಹಂಗ’ ಎಂದಳು ಗಟ್ಟಿಯಾಗಿ. ಹುಡುಗಿಯರು ಕಿಸಕ್ಕೆಂದರು. ನನಗೆ ಸಿಟ್ಟು ಬಂತು. ಹಾಗಾದರೆ ನೀನೇ ಹಾಡು ಎಂದು ಕೈ ತೋರಿಸಿದೆ. ಹಾಡುವುದಿಲ್ಲ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ.

ಅವ್ವ ಸೆರಗು ಸರಿ ಮಾಡಿಕೊಂಡಳು. ತಂಬೂರಿ ನುಡಿಸುತ್ತಿದ್ದ ಹುಡುಗಿಯ ಕಡೆ ನೋಡಿ ‘ಅದನ್ನ ನಿಂದರಸಬ್ಯಾಡ’ ಎಂದು ಶುರು ಮಾಡಿಯೇಬಿಟ್ಟಳು:

ಒಂದ ಹಿಡಿ ಸುರದೇನ ಒಂದ ಹೆಸರ ಕರದೇನ
ಹಿಟ್ಟ ಸುರಿಯಲಿ ಹೊಳಿಹಂಗ — ಕಲ್ಲವ್ವ
ಮಗಳ ಮನಿ ದಾರಿ ಮುಗಿವಲ್ದು

ಬೀಸುವ ಪದ. ಗಾಯನ ಶಾಲೆಯಲ್ಲಿ. ತಂಬೂರಿಯ ಶ್ರುತಿಗೆ ಅವ್ವನ ದನಿ ಸರಿಯಾಗಿ ಕೂತಿತ್ತು ಎಂಬುದನ್ನು ಒಪ್ಪುತ್ತೇನೆ. ಹುಡುಗಿಯರು ಎರಡನೆಯ ಸಲಕ್ಕೇ ಅವಳ ಜೊತೆ ಎತ್ತಿಕೊಂಡರು, ಪೆಟ್ಟಿಗೆಯಿಲ್ಲದೆ, ಜಾರದೆ. ಆದರೆ ತಾಳವಿಲ್ಲ, ಆವರ್ತನದ ಮೊದಲ ಪೆಟ್ಟಾದ ಸಮ್ ಇಲ್ಲ. ಮುಗಿಸೆಂದು ಕೈಮಾಡಿದರೂ ಮುಗಿಸಲಿಲ್ಲ. ಕಲ್ಲಿನಲ್ಲಿ ಕಾಳು ಇರುವವರೆಗೆ ಪದ ಇರಬೇಕು. ಅವಳ ತಾಳ ಅದು. ಕೊನೆಗೆ ನಾನು ಬೆತ್ತದಿಂದ ನೆಲ ಬಡಿದೆ.

೧೬ ನವೆಂಬರ್

ಮಾತಿಲ್ಲ. ಅಂದರೆ ಪಾಟಿಯ ಮೇಲೆ ಕೂಡ.

೨೩ ನವೆಂಬರ್

ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನಾಗಣ್ಣ ನಡುವೆ ಕೂತು ಎರಡೂ ಕಡೆಯ ಮಾತನ್ನು ಮೆತ್ತಗೆ ಮಾಡಿ ಸಾಗಿಸಿದರು. ಬೀಸುವ ಪದ ಶಾಲೆಯಲ್ಲಿ ಕೂಡದು. ನಾನು ಪೆಟ್ಟಿಗೆಯಲ್ಲಿ ಒಂದೊಂದು ತುಣುಕು ತೋರಿಸುವುದು, ಅವ್ವ ಅದನ್ನು ಹಾಡುವುದು, ಹುಡುಗಿಯರು ಅವಳನ್ನು ಅನುಸರಿಸುವುದು. ಇದು ನನ್ನ ದನಿ ಬರುವವರೆಗಿನ ಅನುಕೂಲ ಮಾತ್ರ. ನನ್ನ ಪದ್ಧತಿಯೇನೂ ಬದಲಾಗಿಲ್ಲ.

ಅವ್ವನಿಗೆ ಕಲಿಸುವುದು ಸುಲಭವಲ್ಲ. ಸ್ವರ ಹಿಡಿಯುತ್ತಾಳೆ, ತಾಳ ಹಿಡಿಯಳು. ಪ್ರತಿ ಸಾಲಿನ ತುದಿಗೂ ಒಂದು ಬಾಲ ಸೇರಿಸುತ್ತಾಳೆ. ಸಮ್ ಬಂದಾಗ ಅವಳು ಇನ್ನೂ ದಾರಿಯಲ್ಲಿರುತ್ತಾಳೆ. ನಾನು ಹಿಂದೆ ಕೂತು ಅವಳ ಭುಜದ ಮೇಲೆ ತೀನತಾಲ ತಟ್ಟತೊಡಗಿದೆ.

‘ಇದೇನ ನಿನಗ ಮಲಗಸೂ ಮುಂದ ನಾ ತಟ್ಟತಿದ್ದೆ, ಈಗ ನೀ ನನಗ ತಟ್ಟಾಕತ್ತೀಯಲ್ಲ’ ಎಂದಳು. ಆದರೆ ಮೂರು ದಿನದಲ್ಲಿ ಸಮ್‌ಗೆ ಬಂದು ಮುಟ್ಟಿದಳು. ಮುಟ್ಟಿದ ಕೂಡಲೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಚೆನ್ನಾಗಿ ಕಲಿತ ವಿದ್ಯಾರ್ಥಿಗೆ ಆ ಹಕ್ಕಿದೆ.

೨೯ ನವೆಂಬರ್

ಪಾಟಿಯ ಮೇಲಿನ ಅಕ್ಷರ ಯಾವುದು ಯಾವ ಸ್ವರ ಎಂದು ಅವ್ವ ಕೇಳಿದಳು. ಹುಡುಗಿಯರಿಗೆ ಮರಾಠಿಯಲ್ಲಿ ಬರೆಯುತ್ತೇನೆ. ಅವ್ವನಿಗೆಂದು ಕೆಳಗೆ ಕನ್ನಡದಲ್ಲಿ ಬರೆದೆ. ಪುಸ್ತಕದ ಧ ಬಿಟ್ಟು ಅಪ್ಪ ಕಲಿಸಿದ ದ ಬರೆದೆ, ಅದು ಅವಳ ಬಾಯಿಗೆ ಸರಿ. ಭೂಪಾಲಿಯಲ್ಲಿ ಐದೇ ಸ್ವರ: ಸ, ರಿ, ಗ, ಪ, ದ. ಎರಡು ದಿನದಲ್ಲಿ ಕಲಿತಳು. ಅಕ್ಷರ ನೋಡಿದರೆ ಹೇಳುವುದಿಲ್ಲ, ಹಾಡುತ್ತಾಳೆ.

ಇಂದು ಅಡಿಗೆಮನೆಯಲ್ಲಿ ಸಾರಿಗೆ ಉಪ್ಪು ಸಾಕೋ ಎಂದು ಕೇಳಿದಳು. ಪಾಟಿಯ ಮೇಲೆ ‘ಸರಿ’ ಎಂದು ಬರೆದೆ. ಅವಳು ಮೊದಲು ಎರಡು ಸ್ವರ ಹಾಡಿದಳು. ಮತ್ತೆ ಹಾಡಿದಳು. ಆಮೇಲೆ ಕೈಯಲ್ಲಿದ್ದ ಸವಟು ಕೆಳಗಿಟ್ಟು, ‘ಸರಿ ಅಂದಿ’ ಎಂದಳು. ನಾನು ತಲೆಯಾಡಿಸಿದೆ. ‘ಪದ’ ಎಂದು ಬರೆದೆ. ಅದನ್ನೂ ಓದಿದಳು. ‘ಗರಿ’ ಬರೆದೆ. ಓದಿದಳು.

‘ಸರಿಗಮ ಅಂದ್ರ ಏಳು ಅಂತಿದ್ದ ನಿಮ್ಮಪ್ಪ. ಉಳದ ಎರಡು ಎಲ್ಲಿ ಇಟಗೊಂಡಿ?’

ಮ ಮತ್ತು ನಿ ಬರೆದುಕೊಟ್ಟೆ. ಸಾರು ಉಕ್ಕಿ ಒಲೆ ಆರಿತ್ತು. ಸಂಜೆ ನಾಗಣ್ಣ ಬಂದಾಗ ಅವ್ವ ಪಾಟಿ ಹಿಡಿದು ‘ಮನಿ’ ಎಂದು ಓದಿ ತೋರಿಸಿ, ‘ಇನ್ನ ನಿಮ್ಮ ವಕಾಲತ್ತು ಸ್ವಲ್ಪ ಕಡಿಮಿ ಆತ್ರಿ’ ಎಂದಳು.

೫ ಡಿಸೆಂಬರ್

ಡಾಕ್ಟರು ನೋಡಿದರು. ಗಂಟು ಇಳಿದಿಲ್ಲ. ಇನ್ನೆರಡು ತಿಂಗಳಲ್ಲಿ ಇಳಿಯದಿದ್ದರೆ ಕತ್ತರಿಸಬೇಕು. ಕತ್ತರಿಸಿದರೆ ಮಾತು ಉಳಿಯುತ್ತದೆ, ಹಾಡಿನ ಭರವಸೆ ಕೊಡಲಾರೆ ಎಂದರು.

೬ ಡಿಸೆಂಬರ್

ನಿನ್ನೆ ಡಾಕ್ಟರು ಹೇಳಿದ್ದನ್ನು ನಾಗಣ್ಣ ಅವ್ವನಿಗೆ ತಮ್ಮದೇ ರೀತಿಯಲ್ಲಿ ಹೇಳಿದ್ದರು: ಎಲ್ಲ ಛಲೋ ಇದೆ, ತಡವಾಗುತ್ತದೆ ಅಷ್ಟೆ.

ಇಂದು ಅವರು ಕೆಲಸಕ್ಕೆ ಹೋದ ಮೇಲೆ ಅವ್ವ ಪಾಟಿ ತಂದು ನನ್ನ ಮುಂದಿಟ್ಟು, ‘ನೀ ಹೇಳು’ ಎಂದಳು. ಏಳು ಅಕ್ಷರದಲ್ಲಿ ಏನು ಹೇಳಲಿ. ‘ದನಿ’ ಎಂದು ಬರೆದೆ. ಅವಳು ಓದಿದಳು. ನಾನು ಅಂಗೈಯಿಂದ ಅದನ್ನು ಅಳಿಸಿದೆ.

ಅವ್ವ ನನ್ನ ಅಂಗೈಗೆ ಹತ್ತಿದ ಬಳಪದ ಪುಡಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಬಳಪ ತೆಗೆದುಕೊಂಡು ಅದೇ ಜಾಗದಲ್ಲಿ ಒಂದೊಂದು ಗೆರೆ ನೆನಪಿಸಿಕೊಂಡು ಮತ್ತೆ ‘ದನಿ’ ಎಂದು ಬರೆದಳು. ದ ಸೊಟ್ಟಗಾಗಿತ್ತು. ತಿದ್ದಿಕೊಟ್ಟೆ.

ಶಾಲೆಗೆ ತಡವಾಯಿತು.

೧೮ ಡಿಸೆಂಬರ್, ಹನ್ನೂರ

ಎಳ್ಳಮಾಸಿಯ ಪೂಜೆಗೆ ಹೊಲಕ್ಕೆ ಬರದಿದ್ದರೆ ಭೂಮಿತಾಯಿಗೆ ಏನು ಹೇಳಲಿ ಎಂದು ಅವ್ವ ಹಟ ಹಿಡಿದದ್ದರಿಂದ ನಾವು ಮೂವರೂ ಹನ್ನೂರಿಗೆ ಬಂದಿದ್ದೇವೆ. ಜೋಳ ಎದೆಯೆತ್ತರ ನಿಂತಿದೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎಲ್ಲ ಆಯಿತು.

ಊಟದ ನಂತರ ಹೆಂಗಸರು ಬನ್ನಿಮರದ ಕೆಳಗೆ ಕೂತು ಹಾಡಿದರು. ಅವರ ನಡುವೆ ಕುರುನೂರಿನ ಕಡೆಯಿಂದ ಬಂದ ಸುಗಲಾಬಾಯಿ ಇದ್ದಳು. ಕುರಿ ಸಾಕುವವರ ಮನೆಯವಳು, ಅವ್ವನ ಗೆಳತಿ. ತಮ್ಮ ದೇವರು ಬೀರೋಬಾನ ಪದಗಳನ್ನು ಹಗಲೆಲ್ಲ ಹಾಡಬಲ್ಲಳು. ಬೇರೆ ಕೆಲಸವಿಲ್ಲದ್ದರಿಂದ ನಾನು ಕೇಳುತ್ತ ಕೂತೆ. ಅವಳು ಒಂದು ಸಾಲು ಕೊಡುತ್ತಾಳೆ, ಉಳಿದವರು ಎತ್ತಿಕೊಳ್ಳುತ್ತಾರೆ. ಅವರು ಹಾಡುವಾಗ ಅವಳು ಉಸಿರು ತೆಗೆದುಕೊಳ್ಳುತ್ತಾಳೆ. ದಣಿದರೆ ಪಕ್ಕದವಳ ಮೊಣಕಾಲು ಮುಟ್ಟುತ್ತಾಳೆ. ಸಾಲು ಕೊಡುವ ಕೆಲಸ ಅವಳಿಗೆ ಹೋಗುತ್ತದೆ. ಒಬ್ಬರ ಗಂಟಲಿನ ಮೇಲೆ ಇಡೀ ಪದದ ಭಾರ ಇಲ್ಲ.

ನಾನು ಶಾಲೆಯಲ್ಲಿ ಒಬ್ಬಳೇ, ಒಂದೇ ಸಾಲನ್ನು, ಎಲ್ಲ ಹುಡುಗಿಯರಿಗಿಂತ ಮೇಲೆ ದನಿಯೆತ್ತಿ ವರ್ಷಗಟ್ಟಲೆ ಹಾಡುತ್ತಿದ್ದೆ. ಬುವಾ ಕೂಡ ಹೀಗೆಯೇ ಕಲಿಸುತ್ತಿದ್ದರು. ಆದರೆ ಅವರಿಗೆ ನಾವು ಇಬ್ಬರೇ ಶಿಷ್ಯರು.

ಅವರ ಹಾಡಿನಲ್ಲಿ ಒಂದು ದೋಷ: ಪದ ಸಾಗಿದಂತೆ ಶ್ರುತಿ ಏರುತ್ತ ಹೋಗಿ ಕೊನೆಗೆ ಕೀರಲು ಬರುತ್ತದೆ, ವಯಸ್ಸಾದವರು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ನಾನು ಮಣ್ಣಿನಲ್ಲಿ ‘ಸ’ ಬರೆದು, ಅದನ್ನು ಬಿಡಬಾರದೆಂದು ಅವ್ವನಿಗೆ ಸನ್ನೆ ಮಾಡಿದೆ. ಅವಳು ಶಾಲೆಯ ಗತ್ತಿನಲ್ಲಿ, ‘ಸುಗಲಾ, ಒಬ್ಬಾಕಿಗಿ ಬರೇ ಸಾ ಹಿಡಿಯಾಕ ಹಚ್ಚು. ಉಳದವರು ಆಕಿನ್ನ ಬಿಟ್ಟು ಮ್ಯಾಲ ಹೋಗಬ್ಯಾಡ್ರಿ’ ಎಂದಳು.

‘ಸಾ ಅಂದ್ರ ಯಾರವ್ವ?’

‘ನಮ್ಮ ನೀಲಾನ ಕ್ಲಾಸಿನ್ಯಾಕಿ’ ಎಂದು ಅವ್ವ ನಕ್ಕು, ಒಂದು ಮುದುಕಿಯನ್ನು ಸಾ ಹಿಡಿಯಲು ಕೂರಿಸಿದಳು. ಈ ಸಲ ಪದ ಕೊನೆಯವರೆಗೂ ನೆಲದ ಮೇಲೇ ನಿಂತಿತು, ಎಲ್ಲರೂ ಮುಗಿಸಿದರು. ಸುಗಲಾಬಾಯಿ ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತು ಕೊಟ್ಟುಕೊಂಡಳು.

ಸೊಲ್ಲಾಪುರಕ್ಕೆ ಹೋದ ಮೇಲೆ ಹುಡುಗಿಯರನ್ನು ಎರಡು ಗುಂಪು ಮಾಡಿ, ಒಂದು ಕೊಡುವುದು, ಒಂದು ಎತ್ತಿಕೊಳ್ಳುವುದು ಎಂದು ಇಡುತ್ತೇನೆ. ಪಾಟಿಯನ್ನು ಆಮೇಲೆ ತೋರಿಸಿದರಾಯಿತು. ಮೊದಲು ಬಾಯಿಗೆ ಬರಲಿ. ಇದು ಬೇಗನೆ ನನಗೇ ಹೊಳೆಯಬೇಕಿತ್ತು.

೯ ಜನವರಿ ೧೯೩೪, ಸೊಲ್ಲಾಪುರ

ವಕೀಲ ಸಾಹೇಬರು ಮತ್ತೆ ಬಂದರು, ಈ ಸಲ ಸಿಟ್ಟಿನಿಂದ. ಮುಕ್ತಾ ತನ್ನ ಕೇರಿಯಲ್ಲಿ ಭೂಪಾಲಿಯ ಚೀಜು ಹಾಡಿ, ಅದರ ಬೆನ್ನಿಗೇ ‘ಒಂದ ಹಿಡಿ ಸುರದೇನ’ ಹಾಡಿದ್ದಾಳೆ. ಎರಡೂ ಒಂದೇ ಸ್ವರಗಳಲ್ಲಿ ಹೊಂದುತ್ತವೆ ಎಂದು ಗೆಳತಿಯರಿಗೆ ತೋರಿಸಿದ್ದಾಳೆ. ಸುದ್ದಿ ವಕೀಲರ ಮನೆಗೂ ಹೋಗಿದೆ.

‘ರಾಗದಾರಿ ಕಲಿಯಾಕ ಮಂದಿ ತಮ್ಮ ಹೆಣ್ಣಮಕ್ಕಳನ್ನ ಕಳಸ್ತಾರ, ಬೀಸಾಕ ಅಲ್ಲ. ನಮ್ಮ ಮನ್ಯಾಗೂ ಕೇಳಾಕತ್ತಾರ. ಮತ್ತ ಈ ತಾಯಿಯವರು ಯಾವ ಪರೀಕ್ಷಾ ಪಾಸಾಗ್ಯಾರಂತ ಇಲ್ಲಿ ಕೂತು ಹಾಡಿ ತೋರಸ್ತಾರ?’

ನಾನು ಪಾಟಿ ತೆಗೆದುಕೊಂಡೆ. ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು.

‘ಪಾಸ್ ಆಗಿಲ್ರಿ ಸಾಹೇಬರ. ಯಾವಾಗ ಐತಿ ಪರೀಕ್ಷಾ?’

‘ಮಾರ್ಚಿಗೆ.’

‘ಕೂಡ್ತೀನ್ರಿ.’

ವಕೀಲರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಕೊನೆಗೆ, ಪರೀಕ್ಷೆಯಲ್ಲಿ ಹುಡುಗಿಯರು ಬಿದ್ದರೆ ಏಪ್ರಿಲ್ ಒಂದಕ್ಕೆ ಪೇಟಿ ಮಾಸ್ತರ ಬರುತ್ತಾನೆ ಎಂದು ಹೇಳಿ ಹೋದರು.

ಅವ್ವನಿಗೆ ಐವತ್ತಾಯಿತು. ಹುಡುಗಿಯರ ಸಾಲಿನಲ್ಲಿ ಕೂತು ಪರೀಕ್ಷೆ ಬರೆಯುತ್ತಾಳಂತೆ. ಬರೆಯಲಿ. ನಾನು ತಯಾರು ಮಾಡುತ್ತೇನೆ. ನನ್ನ ಕೈಯಲ್ಲಿ ತಯಾರಾದವರು ಇಂದಿನವರೆಗೆ ಬಿದ್ದಿಲ್ಲ.

೨ ಫೆಬ್ರವರಿ

ಗಂಟು ಇಳಿದಿದೆ. ಕತ್ತರಿಸುವುದು ಬೇಡ. ಸಣ್ಣ ದನಿಯಲ್ಲಿ ಮಾತಾಡಬಹುದು.

ಮನೆಗೆ ಬಂದಾಗ ಬಾಗಿಲಲ್ಲಿ ಹಾಲಿನವನಿದ್ದ. ‘ನಾಳಿಯಿಂದ ಹಾಲಿಗಿ ನೀರ ಹಾಕಬ್ಯಾಡ’ ಎಂದೆ. ಅವನ ಕೈಯಿಂದ ಅಳತೆಯ ಚಂಬು ಬಿತ್ತು. ನೂರು ದಿನ ಬಾಯಿ ಕಟ್ಟಿದವಳ ಮೊದಲ ಮಾತು ಹಾಲಿನವನ ಪಾಲಾಯಿತಲ್ಲ ಎಂದು ಅವ್ವ ಸಂಜೆಯವರೆಗೂ ಗೊಣಗಿದಳು. ನಾಗಣ್ಣ ಅಂಗಡಿಯಿಂದ ಪೇಡೆ ತಂದರು.

೧೮ ಫೆಬ್ರವರಿ

ತಂಬೂರಿ ಹಿಡಿದು ಕೂತೆ. ಕೆಳಗಿನ ಪ ಬಂತು, ಸಾ ಬಂತು, ಗ ಬಂತು. ಪಂಚಮದ ಮೇಲೆ ಗಾಳಿ ಮಾತ್ರ. ಮೇಲಿನ ಸಾ ಇಲ್ಲ. ನಾಳೆ ನೋಡುತ್ತೇನೆ.

೧೯ ಫೆಬ್ರವರಿ

ಇಲ್ಲ.

೨೫ ಫೆಬ್ರವರಿ

ಮೇಲಿನ ಸಾ ಬಾರದು ಎಂದು ಇಟ್ಟುಕೊಂಡರೂ ಕೆಳಗೆ ಜಾಗ ಬಹಳ ಇದೆ. ತಂಬೂರಿಯ ಶ್ರುತಿಯನ್ನು ಪೆಟ್ಟಿಗೆಯ ಮೂರು ಪಟ್ಟಿಯಷ್ಟು ಇಳಿಸಿ ಹಾಡಿದೆ. ಒರಟಾದ, ಅಗಲವಾದ ದನಿ. ನನ್ನದೆಂದು ಗುರುತು ಸಿಗಲಿಲ್ಲ. ಅವ್ವ ಹಿತ್ತಲಿನಿಂದ ಬಂದು, ‘ಯಾರ ಹಾಡಿದ್ದು? ನಿಮ್ಮ ಅಜ್ಜಿ ಹಿಂಗ ಹಾಡತಿದ್ಲು’ ಎಂದು ಬಾಗಿಲಲ್ಲೇ ಕೂತಳು. ಆಕೆ ಏನೂ ಕೆಲಸವಿಲ್ಲದೆ ಕೂತು ನನ್ನ ಹಾಡು ಕೇಳಿದ್ದು ಇದೇ ಮೊದಲು. ಇನ್ನೊಂದು ಚೀಜು ಹಾಡಿದೆ. ಹುಡುಗಿಯರಿಗೆ ಮೇಲಿನದನ್ನು ಅವ್ವ, ಕೆಳಗಿನದನ್ನು ನಾನು ಹಾಡಿ ತೋರಿಸಿದರೆ ಇನ್ನೂ ಅನುಕೂಲ.

೪ ಮಾರ್ಚ್

ಪರೀಕ್ಷೆ ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ.

ಪುಣೆಯ ಪರೀಕ್ಷಕರು ಬಿಳಿಮೀಸೆಯ ವೃದ್ಧರು. ಬಂದವರೇ ಬಾಜಾಪೆಟ್ಟಿಗೆಯನ್ನು ನೋಡಿ, ಇದನ್ನು ಹೊರಗಿಡಿ, ತಂಬೂರಿ ಸಾಕು ಎಂದು ಮರಾಠಿಯಲ್ಲಿ ಹೇಳಿದರು. ವಕೀಲ ಸಾಹೇಬರು ನನ್ನ ಮುಖ ನೋಡಿದರು. ನಾನೇ ಪೆಟ್ಟಿಗೆ ಎತ್ತಿ ಹೊರಗಿಟ್ಟೆ. ನವೆಂಬರಿನಲ್ಲಾಗಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು.

ಹುಡುಗಿಯರು ಒಬ್ಬೊಬ್ಬರಾಗಿ ಹಾಡಿದರು. ಯಾರ ದನಿಯೂ ಜಾರಲಿಲ್ಲ. ಮುಕ್ತಾ ಹಾಡುವಾಗ ಪರೀಕ್ಷಕರು ಪೆನ್ಸಿಲ್ ಕೆಳಗಿಟ್ಟರು. ಕೊನೆಗೆ ಅವ್ವ ಇಳಕಲ್ಲ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಪರಕರ ಉಟ್ಟ ಹುಡುಗಿಯರನ್ನು ದಾಟಿ ಮುಂದೆ ಬಂದು ಕೂತಳು. ಇವರು ಯಾರ ತಾಯಿ ಎಂದು ಪರೀಕ್ಷಕರು ಕೇಳಿದರು.

‘ಮಾಸ್ತರಬಾಯಿದು’ ಎಂದಳು ಅವ್ವ.

ವಕೀಲರು ಏನೋ ಹೇಳಲು ಎದ್ದರು. ನಿಯಮದಲ್ಲಿ ವಯಸ್ಸಿನ ಮಾತು ಇಲ್ಲ ಎಂದು ಪರೀಕ್ಷಕರು ಅವರನ್ನು ಕೂರಿಸಿದರು.

ಅವ್ವ ಚೀಜು ಹಾಡಿದಳು. ಚೆನ್ನಾಗಿ ಹಾಡಿದಳು. ಸಮ್ ಅಂದರೇನು ಎಂದು ಕೇಳಿದ್ದಕ್ಕೆ ಸಂತೆಯ ಮರಾಠಿಯನ್ನು ಕನ್ನಡದಲ್ಲಿ ಬೆರೆಸಿ, ‘ಎಲ್ಲಿ ಎಲ್ಲಿ ತಿರಗಿದ್ರೂ ಎಲ್ಲಾರೂ ಕೂಡಿ ಮನಿಗಿ ಬರೂ ಜಾಗಾರಿ’ ಎಂದಳು. ಅವರು ಅದನ್ನು ಬರೆದುಕೊಂಡರು.

ಸ್ವರ ಬರೆಯುವ ಪರೀಕ್ಷೆಯಲ್ಲಿ ತೊಡಕಾಯಿತು. ಅವರು ಒಂದು ಸಾಲು ಹಾಡಿದರು, ಅವ್ವ ಕಾಗದದ ಮೇಲೆ ಬರೆದಳು, ಕನ್ನಡದಲ್ಲಿ. ಪರೀಕ್ಷಕರಿಗೆ ಓದಲು ಬರದು. ನಾನು ಓದುವಂತಿಲ್ಲ, ಗುರುವಾದ್ದರಿಂದ. ವಕೀಲ ಸಾಹೇಬರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕಾಗದವನ್ನು ಕೈಗೆ ತೆಗೆದುಕೊಂಡು, ನೋಡಿ, ಮರಳಿ ಕೊಟ್ಟರು. ಕೊನೆಗೆ ಪರೀಕ್ಷಕರೇ, ಬರೆದದ್ದನ್ನು ನೋಡಿಕೊಂಡು ಹಾಡಿ ತೋರಿಸಿ ಎಂದರು. ಅವ್ವ ಬೆರಳಿನಿಂದ ಅಕ್ಷರ ಮುಟ್ಟುತ್ತ ಹಾಡಿದಳು. ಒಂದು ಕಡೆ ನಿಂತು, ‘ಇಲ್ಲಿ ತಪ್ಪು ಬರದೀನಿ, ಇದು ಪ ಅಲ್ಲ, ಗ’ ಎಂದು ತಿದ್ದಿ ಮುಂದೆ ಹೋದಳು.

ತಾಳದಲ್ಲಿ ಮಾತ್ರ ತಪ್ಪಿದಳು. ಮೂರು ಆವರ್ತನಕ್ಕೆ ನಿಲ್ಲಿಸಬೇಕು ಎಂದರೆ ಅವಳು ನಿಲ್ಲಿಸಲಿಲ್ಲ. ಕೈ ಎತ್ತಿದರೂ ನಿಲ್ಲಿಸಲಿಲ್ಲ. ದನಿ ಒಳ್ಳೆ ಹದಕ್ಕೆ ಬಂದಿತ್ತು, ಅದಕ್ಕೇ ನಿಲ್ಲಿಸಲು ಮನಸ್ಸಾಗಲಿಲ್ಲ ಎಂದು ಆಮೇಲೆ ಹೇಳಿದಳು. ನಾನು ಬೈದೆ, ಬಾಯಿಬಿಟ್ಟು. ಸುಖವೆನಿಸಿತು.

೨೧ ಮಾರ್ಚ್

ಫಲಿತಾಂಶ ಬಂತು. ಮುಕ್ತಾ ಮೊದಲನೆಯ ವರ್ಗ. ಒಬ್ಬಳು ಹುಡುಗಿ ಬಿದ್ದಿದ್ದಾಳೆ, ಅವಳು ಮನೆಯ ಮದುವೆಯ ಗದ್ದಲದಲ್ಲಿ ಒಂದು ತಿಂಗಳು ಬಂದಿರಲಿಲ್ಲ. ಉಳಿದವರೆಲ್ಲ ಪಾಸು. ಪೇಟಿ ಮಾಸ್ತರನ ಮಾತು ವಕೀಲ ಸಾಹೇಬರು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಅವ್ವನಿಗೆ ಮೂರನೆಯ ವರ್ಗ.

‘ಮೂರನೇದಂದ್ರ ಕಡೇದೇನು?’

‘ಹೂಂ.’

‘ಆದ್ರ ಪಾಸಿನ ಒಳಗಿಂದ ಹೌದಲ್ಲ?’

‘ಒಳಗಿಂದ.’

‘ಆತು ಬಿಡು. ಮುಂದಿನದಕ್ಕೂ ಕೂಡ್ತೀನಿ. ಅದರಾಗ ಎಷ್ಟು ರಾಗ ಅದಾವು?’

ಮಧ್ಯಾಹ್ನದ ಗಾಡಿಗೆ ಹನ್ನೂರಿಗೆ ಹೋದಳು. ಕಣದ ಕೆಲಸ ಅಣ್ಣನೊಬ್ಬನಿಂದ ಆಗುವುದಿಲ್ಲವಂತೆ. ಸ್ಟೇಶನ್ನಿನಲ್ಲಿ ಗಾಡಿ ಹೊರಟ ಮೇಲೆ ನಾಗಣ್ಣ ಪೇಟ ತೆಗೆದು ಕಣ್ಣೊರೆಸಿಕೊಂಡರು. ಇನ್ನು ಮೇಲೆ ತಮ್ಮ ಮಾತು ಯಾರಿಗೂ ಬೇಡ ಎಂದರು. ನನಗೆ ಬೇಕು ಎಂದೆ.

೧೧ ಜೂನ್

ಬರೆಯದೆ ಬಹಳ ದಿನವಾಯಿತು. ಮಾತಾಡಿ ಮಾತಾಡಿ ಮನೆಗೆ ಬಂದರೆ ಬರೆಯಲು ಏನೂ ಉಳಿದಿರುವುದಿಲ್ಲ.

ಇಂದು ಶಾಲೆ ಮತ್ತೆ ತೆ‌ರೆಯಿತು. ಹುಡುಗಿಯರು ಹೋದ ಮೇಲೆ ಒಂದು ಟಾಂಗಾ ಬಂದು ನಿಂತಿತು. ಇಳಿದವರು ವಕೀಲರ ಮನೆಯವರು, ಕಲ್ಯಾಣಮ್ಮ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬಾಗಿಲಲ್ಲಿ ನಿಂತು, ಮದುವೆಯಾದವರು ಕಲಿಯಲು ಬರಬಹುದೇ ಎಂದು ಕೇಳಿದರು. ಬೀಸುವ ಪದದ ಸುದ್ದಿ ತಿಳಿದ ದಿನದಿಂದ ಕೇಳಬೇಕೆಂದಿದ್ದರಂತೆ, ಸಾಹೇಬರ ಎದುರಿಗೆ ಧೈರ್ಯವಾಗಲಿಲ್ಲವಂತೆ.

‘ಬರ್ರಿ, ಒಳಗ ಬರ್ರಿ’ ಎಂದೆ.

‘ನನಗ ಏನೂ ಬರಂಗಿಲ್ರಿ ಬಾಯಿಯವರ. ಯಾವ ಪುಸ್ತಕ ತರಬೇಕು?’

‘ಪುಸ್ತಕ ಇರ್ಲಿ. ನಿಮ್ಮ ತೌರಮನ್ಯಾಗ ನಿಮ್ಮವ್ವ ಏನ ಹಾಡತಿದ್ರು?’

ಅವರು ನಾಚಿಕೊಂಡರು. ಹೊರಗೆ ಟಾಂಗಾದ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತ, ತೊಟ್ಟಿಲ ಪದವೊಂದರ ಮೊದಲ ಸಾಲನ್ನು ಅರ್ಧ ಮಾತಿನಂತೆ, ಅರ್ಧ ಹಾಡಿನಂತೆ ಹೇಳಿದರು. ತಂಬೂರಿಯನ್ನು ಅವರ ದನಿಗೆ ಹೊಂದಿಸಿ ಇಳಿಸಿದೆ. ಎರಡನೆಯ ಸಲ ಹಾಡಾಯಿತು. ಮೂರನೆಯ ಸಲ ನಾನೂ ಕೆಳಗಿನಿಂದ ಎತ್ತಿಕೊಂಡೆ. ಅವರಿಗೆ ಮುಂದಿನ ಸಾಲು ನೆನಪಾಯಿತು, ಅದರ ಮುಂದಿನದೂ.

ನಡುವೆ ಟಾಂಗಾದವನು ಬಂದು, ಸಾಹೇಬರಿಗೆ ಕೋರ್ಟಿನಿಂದ ಮರಳಲು ಗಾಡಿ ಬೇಕು, ತಡವಾಗುತ್ತದೆ ಎಂದ. ಕಲ್ಯಾಣಮ್ಮ ಗಾಬರಿಯಾಗಿ ಏಳಲು ಹೋದರು. ನಾನು ಅವರ ಮೊಣಕಾಲು ಮುಟ್ಟಿ ಕೂರಿಸಿದೆ.

‘ಪದ ಮುಗಿದಿಲ್ಲ. ಸಾಹೇಬರಿಗೆ ಸ್ವಲ್ಪ ಕಾಯಾಕ ಹೇಳು’ ಎಂದು ಅವನನ್ನು ಕಳಿಸಿದೆ.